ಗೂಟ ಹೊಡೆದ ಜಾಗ

ಆಫ್ತಾಬ್ ಚಪ್ಪಲಿ ಬಿಡುವುದನ್ನೂ ಮರೆತು ಗುಂಡಿಗೆ ಇಳಿದು, ಅನಂತರಾಜು ಎತ್ತಿದ್ದ ಹಾರೆಯನ್ನು ಎರಡೂ ಕೈಯಿಂದ ಹಿಡಿದುಕೊಂಡುಬಿಟ್ಟ.

“ನಿಲ್ಸಿ, ನಿಲ್ಸಿ! ಯಾರು ಇಲ್ಲಿ ತೋಡೋಕೆ ಹೇಳಿದ್ದು?”

ಅನಂತರಾಜುವಿಗೆ ಏನೂ ಅರ್ಥವಾಗಲಿಲ್ಲ. ದೊಡ್ಡಪ್ಪ ಮರಿಯಪ್ಪ ಸತ್ತ ಸುದ್ದಿ ಬೆಳಗಿನ ಜಾವ ಬಂದಿತ್ತು. ಏಳು ಗಂಟೆಯಿಂದ ಇನ್ನಿಬ್ಬರ ಜೊತೆ ಅವನು ಈ ಹೊಲದಲ್ಲಿ ಮಣ್ಣೆತ್ತುತ್ತಿದ್ದ. ಕಪ್ಪು ಕನ್ನಡಕದ ಈ ಮುದುಕ ಎಲ್ಲಿಂದ ಬಂದನೆಂದು ತಿಳಿಯದೆ ಹಾರೆಯನ್ನು ತನ್ನ ಕಡೆಗೆ ಎಳೆದ.

“ಬುಡಿ ಸಾಬ್ರೆ, ಕಾಲ್ ಮೇಲೆ ಬಿದ್ದಾತು. ಹೆಣ ಮಡಗೋ ಗುಂಡಿ ಕಣ್ರೀ ಇದು.”

“ಇದು ಹೆಣದ ಗುಂಡಿ ಅಲ್ಲಪ್ಪಾ. ಮರಿಯಪ್ಪ ಗೂಟ ಹೊಡೆದಿದ್ದ ಟ್ರೆಂಚು.”

“ಹ್ಞೂಂ, ನಮ್ ದೊಡ್ಡಪ್ಪನೇ ಹೊಡ್ದಿದ್ದು. ಅದಕ್ಕೇ ಇಲ್ಲಿ ತೋಡ್ತಿರೋದು. ಸಾಯೋರೇ ಅಳ್ತೆ ಹಾಕಿ, ದಾರ ಕಟ್ಟಿ ಮಡಗಿದ್ಮೇಲೆ ಬೇರೆ ಕಡೆ ತೋಡಕ್ಕಾತದಾ?”

ಆಫ್ತಾಬ್ ಕನ್ನಡಕ ತೆಗೆದು, ಮಂಡಿಯೂರಿ, ಅಂಗೈಯಿಂದ ಮಣ್ಣು ಸರಿಸಿದ. ಎರಡೂವರೆ ಅಡಿ ಆಳದಲ್ಲಿ ಮೂರು ಕೆಂಪು ಹೆಂಚು ಒಂದಕ್ಕೊಂದು ತಗಲಿಕೊಂಡು ಮಲಗಿದ್ದವು. ಚಪ್ಪಟೆ ಹೆಂಚು. ಎರಡು ಬದಿಯಲ್ಲೂ ತಟ್ಟೆಯ ಕಂಠದಂತೆ ಅಂಚು ಎದ್ದಿತ್ತು. ನಾಲ್ಕನೆಯದು ಹಾರೆ ಏಟಿಗೆ ಪುಡಿಯಾಗಿತ್ತು.

“ಇದರ ಚೂರು ಎಲ್ಲಿ ಬಿಸಾಕಿದ್ರಿ?”

ಅನಂತರಾಜು ಬದಿಯಲ್ಲಿ ಸೊಂಟದೆತ್ತರ ಬಿದ್ದಿದ್ದ ಮಣ್ಣಿನ ಗುಡ್ಡೆಯನ್ನು ನೋಡಿದ. ಆಮೇಲೆ ಜೊತೆಗಿದ್ದವನಿಗೆ ಹೇಳಿದ: “ಲೇ, ಓಗಿ ದಿವ್ಯನ್ನ ಕರ್ಕೊಂಡ್ ಬಾರ್ಲಾ. ಇಲ್ಲೇ ತೋಡಿ ಅಂದೋಳು ಅವಳೇ ತಾನೆ.”

*

ನಾಲ್ಕು ತಿಂಗಳ ಹಿಂದಿನ ಒಂದು ಭಾನುವಾರ ಮರಿಯಪ್ಪನ ಮಗಳು ದಿವ್ಯ ಊರಿಗೆ ಬಂದಿದ್ದಳು. ಅವಳಿಗೆ ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ತೂಕದ ಚೀಟಿ ಬರೆಯುವ ಕೆಲಸ. ಅಪ್ಪನ ಹೃದಯ ಅರ್ಧದಷ್ಟೇ ಕೆಲಸ ಮಾಡುತ್ತಿದೆ ಎಂದು ಡಾಕ್ಟರು ಹೇಳಿ ಎರಡು ದಿನವಾಗಿತ್ತು. ಅದನ್ನು ಅವಳಿಗೆ ಹೇಳಿದ್ದರು, ಮರಿಯಪ್ಪನಿಗೂ ಹೇಳಿದ್ದರು. ಇಬ್ಬರೂ ಅದರ ಮಾತೆತ್ತಿರಲಿಲ್ಲ.

ಹೊಲದಲ್ಲಿ ಮರಿಯಪ್ಪ ನಾಲ್ಕು ಜಾಲಿ ಗೂಟ, ಒಂದು ಸುತ್ತಿಗೆ, ಟೇಪು ಇಟ್ಟುಕೊಂಡು ಕೂತಿದ್ದ.

“ತುದಿ ಹಿಡ್ಕೊ” ಎಂದ. ಅವಳು ಹಿಡಿದಳು. ಉದ್ದ ಆರೂವರೆ ಅಡಿ ಬಂತು. ಅಗಲ ಅದರ ಅರ್ಧ. ಮರಿಯಪ್ಪ ಜೇಬಿನಿಂದ ದಿಕ್ಸೂಚಿ ತೆಗೆದು ನೆಲದ ಮೇಲಿಟ್ಟ.

“ಉತ್ರ ದಕ್ಷಿಣ ನ್ಯಾರವಾಗೈತಾ ನೋಡು. ನಂಗೆ ಮುಳ್ಳು ಕಾಣಕ್ಕಿಲ್ಲ.”

“ಐತೆ ಕಣಪ್ಪ.”

“ಈ ವರ್ಷ ಇಲ್ಲಿ ನೇಗ್ಲು ಹಾಕ್ಸಬ್ಯಾಡಿ. ಈ ಜಾಗ ನಂಗೆ ಬೇಕು.”

ಹೆಣವನ್ನು ದಕ್ಷಿಣಕ್ಕೆ ತಲೆ ಮಾಡಿ ಮಲಗಿಸುತ್ತಾರೆಂದು ಅವಳಿಗೆ ಗೊತ್ತಿತ್ತು. ಅವಳು ಏನನ್ನೂ ಕೇಳಲಿಲ್ಲ. ಕೇಳಿದ್ದರೆ ಅವನು ಹೇಳುತ್ತಿದ್ದ. ಹೇಳಬೇಕೆಂದು ಅವನಿಗೆ ಹೊಳೆಯಲಿಲ್ಲ. ಎರಡು ಮೀಟರಿಗೆ ಒಂದು ಮೀಟರು, ಉತ್ತರಕ್ಕೆ ಮುಖ ಮಾಡಿ ಗೂಟ ಹೊಡೆದರೆ ಅದು ಉತ್ಖನನದ ಟ್ರೆಂಚು ಎಂದು ಎಲ್ಲರಿಗೂ ತಿಳಿಯುತ್ತದೆ ಎಂದೇ ಅವನು ನಂಬಿದ್ದ.

*

ದಿವ್ಯ ಬಂದಾಗ ಆಫ್ತಾಬ್ ಗುಂಡಿಯ ಅಂಚಿನಲ್ಲಿ ಕೂತು ಮಣ್ಣಿನ ಗುಡ್ಡೆಯಿಂದ ಹೆಂಚಿನ ಚೂರು ಆಯುತ್ತಿದ್ದ. ಟವೆಲ್ಲಿನ ಮೇಲೆ ಹದಿನಾರು ಚೂರು ಸೇರಿದ್ದವು.

“ನಾನು ಆಫ್ತಾಬ್ ಬೇಟಾ. ಚನ್ನಪಟ್ಟಣದೋನು. ನಿಮ್ಮಪ್ಪ ಹೆಂಚಿಗೆ ನಂಬರ್ ಹಾಕ್ತಿದ್ದ, ನಾನು ಪಕ್ಕದ ಮೇಜಲ್ಲಿ ನಕ್ಷೆ ಬರೀತಿದ್ದೆ. ಬಸ್ಸಿಳಿದು ಹೊಲದ ದಾರೀಲೇ ಬಂದೆ, ನೋಡಿದ್ರೆ ಹಿಂಗೆ.”

“ಏನಾಯ್ತು ಅಂಕಲ್?”

“ಹೊಲದಲ್ಲಿ ಹಳೇ ಹೆಂಚಿರ್ಬೇಕು, ತೋಡಿ ನೋಡೋಣ, ಬಂದು ನಕ್ಷೆ ಬರಿ ಅಂತ ಮೂರ್ ಸಲ ಫೋನ್ ಮಾಡಿದ್ದ. ಇಬ್ಬರಿಲ್ದೆ ಟ್ರೆಂಚು ತೆಗೀಬಾರ್ದು, ಒಬ್ಬ ತೋಡ್ಬೇಕು, ಒಬ್ಬ ಬರೀಬೇಕು ಅಂತ ಕಾಯ್ತಾ ಕೂತಿದ್ದ. ನಾನೇ ಕಣ್ಣಿನ ಪೊರೆ ತೆಗೆಸಿದೀನಿ, ಒಂದು ತಿಂಗಳು ಹೋಗ್ಲಿ ಅಂದೆ.”

ದಿವ್ಯ ಗುಂಡಿಯೊಳಗೆ ನೋಡಿದಳು. ನಂತರ ಆ ಚೂರುಗಳನ್ನು. ಅಲ್ಲೇ ಕೂತಳು.

“ನಾನೇ ಹೇಳಿದ್ದು” ಎಂದಳು. “ಅಪ್ಪ ಇಲ್ಲೇ ಬೇಕು ಅಂದವ್ನೆ, ಇಲ್ಲೇ ತೋಡಿ ಅಂತ ನಾನೇ ಹೇಳಿದ್ದು.”

ಅನಂತರಾಜು ಬೀಡಿ ಹಚ್ಚಿದ. “ಈಗ ಏನ್ ಮಾಡದವ್ವ? ತೋಡದಾ, ಬುಡದಾ?”

*

ಮರಿಯಪ್ಪ ಇಪ್ಪತ್ತೇಳು ವರ್ಷ ರಾಮನಗರದಿಂದ ಬೆಂಗಳೂರಿಗೆ ಪ್ಯಾಸೆಂಜರ್ ರೈಲಿನಲ್ಲಿ ಹೋಗಿ ಬಂದ. ಅವನ ಕೆಲಸ ಪುರಾತತ್ವ ಇಲಾಖೆಯ ಒಂದು ಉಗ್ರಾಣದ ಹಿಂದಿನ ಕೋಣೆಯಲ್ಲಿ. ಕಡಲ ತೀರದಲ್ಲೆಲ್ಲೋ ನಡೆದ ಉತ್ಖನನದಿಂದ ರೋಮನ್ ಹೆಂಚಿನ ಚೂರುಗಳು ಮರದ ಪೆಟ್ಟಿಗೆಗಳಲ್ಲಿ ಬಂದು ಬಿದ್ದಿದ್ದವು. ಅವನ್ನು ಬ್ರಷ್ಷಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಒಳಮೈಗೆ ಕಪ್ಪು ಶಾಯಿಯಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಅಂಕಿ ಬರೆದು, ಅದರ ಮೇಲೆ ವಾರ್ನಿಷ್ ಬಳಿದು, ರಿಜಿಸ್ಟರಿನಲ್ಲಿ ಒಂದು ಸಾಲು ಬರೆಯಬೇಕು. ಉದ್ದ, ದಪ್ಪ, ಬಣ್ಣ, ಎಷ್ಟು ಆಳದಲ್ಲಿ ಸಿಕ್ಕಿತು, ಯಾವ ಭಾಗ. ಕೊನೆಯ ಅಂಕಣ, ಇದು ಏನು.

ಎದ್ದ ಅಂಚಿದ್ದರೆ ಕಣ್ಣು ಮುಚ್ಚಿ ಬೆರಳಲ್ಲಿ ಸವರಿಯೇ ಹೇಳುತ್ತಿದ್ದ. ಅಂಚಿಲ್ಲದ ನಡುಭಾಗದ ಚೂರು ಬಂದರೆ ಮುರಿದ ಮೈಯನ್ನು ಬಿಸಿಲಿಗೆ ಹಿಡಿದು ಅರ್ಧ ಗಂಟೆ ನೋಡುತ್ತಿದ್ದ. ಅನೇಕ ಸಲ ಕೊನೆಯ ಅಂಕಣದಲ್ಲಿ “ಗೊತ್ತಿಲ್ಲ” ಎಂದು ಬರೆಯುತ್ತಿದ್ದ. ಒಬ್ಬ ಅಧಿಕಾರಿ ರೇಗಿದ್ದ: “ಏನ್ರೀ ಮರಿಯಪ್ಪ, ಇಷ್ಟೊಂದು ಗೊತ್ತಿಲ್ಲ ಬರೆದ್ರೆ ನಿಮಗೆ ಸಂಬಳ ಯಾಕೆ?” ಮರಿಯಪ್ಪ ಮರುದಿನವೂ ಹಾಗೆಯೇ ಬರೆದ.

ದಿವ್ಯ ಹತ್ತು ವರ್ಷದವಳಿದ್ದಾಗ ಒಮ್ಮೆ ಅಲ್ಲಿಗೆ ಹೋಗಿದ್ದಳು. ಅಪ್ಪ ಒಂದು ಹೆಂಚನ್ನು ಅವಳ ಮುಂದಿಟ್ಟ. ಅದರ ಮೇಲೆ ನಾಯಿಯ ಹೆಜ್ಜೆ ಇತ್ತು. ಹಸಿ ಹೆಂಚು ಒಣಗಲು ಹಾಕಿದಾಗ ನಾಯಿ ನಡೆದಿದೆ ಎಂದ. ಆಮೇಲೆ ಅದರ ಮೇಲಿದ್ದ ಅವಳ ಕೈಯನ್ನು ಎತ್ತಿಸಿ, ಬಟ್ಟೆಯಿಂದ ಒರೆಸಿ, ಪೆಟ್ಟಿಗೆಗೆ ಹಾಕಿದ. ಊಟಕ್ಕೆ ಹೋಟೆಲಿಗೆ ಕರೆದುಕೊಂಡು ಹೋಗುತ್ತಾನೆಂದು ಅವಳು ಕಾದಿದ್ದಳು. ಹೋಗಲಿಲ್ಲ.

ಸ್ವಂತ ಊರು ಕೂಟಗಲ್ಲಿನಲ್ಲಿ ಅವನನ್ನು ಬೋಕಿ ಮರಿಯಪ್ಪ ಎನ್ನುತ್ತಿದ್ದರು. ಒಡೆದ ಮಡಕೆ ಚೂರನ್ನು ದಿನಾ ತೊಳೆಯುವುದಕ್ಕೆ ಸರ್ಕಾರ ಒಬ್ಬ ಮನುಷ್ಯನನ್ನು ಇಟ್ಟುಕೊಳ್ಳುತ್ತದೆಂದರೆ ಊರಿನವರಿಗೆ ನಗು ಬರುತ್ತಿತ್ತು.

*

ಹನ್ನೆರಡು ಗಂಟೆಗೆ ಮನೆಯವರೆಲ್ಲ ಹೊಲಕ್ಕೇ ಬಂದರು. ಚಟ್ಟವನ್ನು ಹೊಂಗೆ ಮರದ ನೆರಳಿನಲ್ಲಿ ಇಳಿಸಿದರು. ತಮಟೆಯವರು ಬಡಿಯುವುದೋ ನಿಲ್ಲಿಸುವುದೋ ತಿಳಿಯದೆ ಮೆಲ್ಲಗೆ ಬಡಿಯುತ್ತಿದ್ದರು.

ಮರಿಯಪ್ಪನ ತಮ್ಮ ಬಾಲರಾಜು ಗುಂಡಿಯ ಸುತ್ತ ಒಂದು ಸುತ್ತು ಹಾಕಿದ.

“ಏನ್ ದಿವ್ಯಾ ಇದು? ನಿಮ್ಮಪ್ಪ ದೊಡ್ಡೋನೋ, ಈ ಬೋಕಿ ದೊಡ್ಡದೋ?”

“ಇಲ್ಲಿ ಬ್ಯಾಡ ಚಿಕ್ಕಪ್ಪ. ಇಲ್ಲಿ ಮಡಗಿದ್ರೆ ಇನ್ಯಾರೂ ಇದನ್ನ ತೆಗ್ದು ನೋಡಕ್ಕಾಗಕ್ಕಿಲ್ಲ.”

“ತೋಡಿದ್ ಗುಂಡಿನ ಹಂಗೇ ಬುಟ್ರೆ ಇನ್ನೊಂದು ಹೆಣ ಕೇಳ್ತದೆ. ನಾಳೆ ಯಾರ್ ಮನೆದೋ?”

ದಿವ್ಯಳ ತಾಯಿ ಬೋರಮ್ಮ ಗಂಡನ ಹೆಣದ ಕಾಲಬಳಿ ಕೂತಲ್ಲಿಂದಲೇ ಕತ್ತೆತ್ತಿದಳು. “ಏನ್ ಸಿಕ್ಕದೆ, ತೋರ್ಸಿ.” ಆಫ್ತಾಬ್ ಒಂದು ಚೂರು ಕೊಟ್ಟ. ಅವಳು ತಿರುಗಿಸಿ ನೋಡಿದಳು. “ಇದು ನಮ್ಮತ್ತೆ ಕಾಲದ ಕೊಟ್ಟಿಗೆ ಹೆಂಚಲ್ವಾ? ಇಲ್ಲೇ ಇತ್ತು ಕೊಟ್ಟಿಗೆ. ನಾನ್ ಮದ್ವೆಯಾಗಿ ಬಂದ್ ವರ್ಷ ಬಿದ್ದೋಯ್ತು.”

“ಕೊಟ್ಗೆ ಬಾವಿ ತಾವ ಇತ್ತು ಅತ್ಗೆ” ಎಂದ ಬಾಲರಾಜು. “ಅದಕ್ಕೆ ಹೆಂಚೂ ಇರ್ಲಿಲ್ಲ, ಹುಲ್ಲು.”

“ಹುಲ್ಲಾ?”

“ಹುಲ್ಲೋ, ಹೆಂಚೋ... ನಂಗೆ ಆಗ ಆರು ವರ್ಷ.”

ಎಲ್ಲರೂ ಆಫ್ತಾಬನ ಮುಖ ನೋಡಿದರು. ಅವನು ಚೂರನ್ನು ಹತ್ತಿರ ಹಿಡಿದ, ದೂರ ಹಿಡಿದ.

“ಅಂಚು ನೋಡಿದ್ರೆ ರೋಮನ್ ಥರ. ಮಣ್ಣು ನೋಡಿದ್ರೆ ಇಲ್ಲೀದೇ. ನಾನು ಗೆರೆ ಎಳೆಯೋನು ಅಮ್ಮಾ, ಗುರುತು ಹಿಡಿಯೋನಲ್ಲ. ಹಿಡಿಯೋನು ಅಲ್ಲಿ ಮಲಗವ್ನೆ.”

ಅನಂತರಾಜು ನಕ್ಕುಬಿಟ್ಟು, ತಕ್ಷಣ ಕೆಮ್ಮಿದಂತೆ ಮಾಡಿದ.

ದಿವ್ಯ ಎದ್ದಳು. “ಹೆಣದ ಬದ್ಲು ಬಾಳೆದಿಂಡು ಮಲಗ್ಸಿ ಮುಚ್ಚಿದ್ರೆ ದೋಷ ಇಲ್ಲ ಅಂತಾರಲ್ಲ, ಹಂಗೆ ಮಾಡಿ. ಅಪ್ಪಂಗೆ ಬೇರೆ ಗುಂಡಿ ತೋಡಿ.”

“ತೋಡೋರು ಯಾರು? ಈ ಬಿಸಿಲಲ್ಲಿ?” ಎಂದಳು ಬಾಲರಾಜುವಿನ ಹೆಂಡತಿ ಲತಾಮಣಿ. “ಹೊತ್ ಮುಳುಗೋದ್ರೊಳಗೆ ಮಣ್ಣಾಗ್ಬೇಕು. ಬಂದ ನೆಂಟ್ರು ಹೊಟ್ಟೆಗಿಲ್ದೆ ಕುಂತವ್ರೆ.”

“ನಾನೇ ತೋಡ್ತೀನಿ” ಎಂದು ದಿವ್ಯ ಗುದ್ದಲಿ ಎತ್ತಿಕೊಂಡಳು. ಅನಂತರಾಜು ಬೀಡಿ ಬಿಸಾಕಿ ಅದನ್ನು ಕಿತ್ತುಕೊಂಡ. “ನಿನ್ ಕೈಲಿ ತೋಡಿಸ್ಕೊಂಡ್ರೆ ಊರೋರು ನಮ್ಮನ್ನ ಬುಟ್ಟಾರಾ? ಕೊಡಿಲ್ಲಿ.”

ಮೊದಲ ಗುಂಡಿ ಮುಚ್ಚುವ ಮುಂಚೆ ಆಫ್ತಾಬ್ ನಕ್ಷೆ ಬರೆಯಲು ಅರ್ಧ ಗಂಟೆ ಸಮಯ ಕೇಳಿದ. ಅವನಿಗೆ ಟೇಪಿನ ಅಂಕಿ ಕಾಣುತ್ತಿರಲಿಲ್ಲ, ದಿವ್ಯ ಓದಿ ಹೇಳಿದಳು. ಅವಳಿಗೆ ಗೆರೆ ಎಳೆಯಲು ಬರುತ್ತಿರಲಿಲ್ಲ, ಅವನು ಅಂದಾಜಿನಲ್ಲಿ ಎಳೆದ. ಬರೆಯಲು ಸಿಕ್ಕಿದ್ದು ಯಾರೋ ತಂದಿದ್ದ ಹಾರದ ಪೊಟ್ಟಣದ ಕಾಗದ. ನಂತರ ಗೊಬ್ಬರದ ಚೀಲ ಸೀಳಿ ಹೆಂಚಿನ ಮೇಲೆ ಹಾಸಿದರು. ಅದರ ಮೇಲೆ ಬಾಳೆದಿಂಡು ಮಲಗಿಸಿದರು. ಬಾಲರಾಜು ಬೇರೆಡೆ ನೋಡುತ್ತ ಒಂದು ಹಿಡಿ ಮಣ್ಣು ಹಾಕಿದ.

ಎರಡನೆಯ ಗುಂಡಿ ಇಪ್ಪತ್ತು ಹೆಜ್ಜೆ ಆಚೆ. ಅನಂತರಾಜು ಎರಡು ಅಡಿ ಇಳಿಯುವಷ್ಟರಲ್ಲಿ ನಿಂತ. ಬಗ್ಗಿದ. ಎದ್ದು ನಿಂತು ಸೊಂಟಕ್ಕೆ ಕೈಯಿಟ್ಟುಕೊಂಡ.

“ದಿವ್ಯಾ.”

ಅದೇ ಹೆಂಚು. ಅದೇ ಎದ್ದ ಅಂಚು. ಇಲ್ಲಿ ಐದಿದ್ದವು.

ಬಾವಿಯ ಬಳಿ ಮೂರನೆಯದು ಶುರು ಮಾಡಿದರು. ಒಂದೂವರೆ ಅಡಿಗೇ ಹೆಂಚು ಸಿಕ್ಕಿತು. ಎರಡು ಗುಂಡಿಗೂ ಬಾಳೆದಿಂಡು ಮಲಗಿಸಿ ಮುಚ್ಚಿದರು. ಈಗ ಬಯ್ಯಬೇಕೆಂದಿದ್ದವರೂ ಬಯ್ಯಲಿಲ್ಲ. ಯಾರೋ ಒಬ್ಬ ಮುದುಕ, “ಇಷ್ಟು ದೊಡ್ಡ ಕೊಟ್ಗೆ ಯಾರ್ದಪ್ಪ?” ಎಂದ. ಬೋರಮ್ಮ ಗಂಡನ ಮುಖದ ಮೇಲಿನ ನೊಣ ಓಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

ಮೂರೂವರೆ ಗಂಟೆಯಾಗಿತ್ತು. ಬಾಲರಾಜು ಹಾರೆ ಕೈಗೆ ತೆಗೆದುಕೊಂಡ. ನಾಲ್ಕು ಹೆಜ್ಜೆ ನಡೆದು ನೆಲಕ್ಕೆ ಕುಟ್ಟಿದ, ತಮಟೆಯವರ ಕಡೆ ತಿರುಗಿ ಕೈ ಎತ್ತಿದ.

“ಒಸಿ ನಿಲ್ಸ್ರಲಾ. ಹೆಂಚಿನ ಸದ್ದು ಕೇಳ್ಸಕ್ಕಿಲ್ಲ.”

ತಮಟೆ ನಿಂತಿತು. ಬಾಲರಾಜು ಇನ್ನು ನಾಲ್ಕು ಹೆಜ್ಜೆ ನಡೆದು ಕುಟ್ಟಿದ, ತಲೆ ವಾಲಿಸಿದ. ಮತ್ತೆ ನಾಲ್ಕು ಹೆಜ್ಜೆ, ಕೆಳಗೆ ಅದೇ ಹೆಂಚಿನ ಸದ್ದು. ಅವನ ಹಿಂದೆ ಅನಂತರಾಜು, ಅವನ ಹಿಂದೆ ಒಂದಿಷ್ಟು ಜನ. ಹೊಲದ ಉದ್ದಕ್ಕೂ ನಡೆದು ಬದುವಿನ ಬಳಿ ಬಂದರು. ಬದುವಿನಾಚೆ ಬಾಲರಾಜುವಿನ ಹಿಪ್ಪುನೇರಳೆ ತೋಟ. ಅಣ್ಣ ತಮ್ಮಂದಿರ ಜಮೀನು ಭಾಗವಾದ ಮೇಲೆ ಮರಿಯಪ್ಪ ಆ ಬದು ದಾಟಿದವನಲ್ಲ, ದಾಟೆಂದು ಬಾಲರಾಜು ಕರೆದವನೂ ಅಲ್ಲ.

ಬಾಲರಾಜು ದಾಟಿ, ಎರಡು ಸಾಲಿನ ನಡುವೆ ಹಾರೆ ಹಾಕಿದ. ಅದು ಸದ್ದಿಲ್ಲದೆ ಒಂದು ಮೊಳ ಇಳಿಯಿತು. ಕಿತ್ತು ಪಕ್ಕದಲ್ಲಿ ಹಾಕಿದ. ಇಳಿಯಿತು.

ಅವನು ಯಾರನ್ನೂ ನೋಡದೆ ಹತ್ತಿರದ ಗಿಡದ ಬುಡಕ್ಕೆ ಹಾರೆ ಹಾಕಿ ಮೀಟಿ, ಎರಡು ಕೈಯಿಂದ ಎಳೆದ.

“ಅಯ್ಯೋ, ಏನ್ ಮಾಡ್ತಿದ್ದೀರಿ!” ಲತಾಮಣಿ ಓಡಿ ಬಂದಳು. “ರೇಷ್ಮೆಹುಳ ನಾಲ್ಕನೇ ಜ್ವರ ಎದ್ದು, ಪೊರೆ ಬುಟ್ಟು ಹಸ್ಕೊಂಡವೆ, ಸಾಯಂಕಾಲ ಸೊಪ್ಪಿಗೆ ಎಲ್ಲಿಗೋಗ್ಲಿ?”

ಬಾಲರಾಜು ಎರಡನೆಯ ಗಿಡ ಕಿತ್ತ. ಅನಂತರಾಜು ಮೂರನೆಯದಕ್ಕೆ ಕೈ ಹಾಕಿದ. ದಿವ್ಯ ಟೇಪು ಹಿಡಿದು ಉದ್ದ ಅಳೆದಳು, ಆಫ್ತಾಬ್ ತುದಿ ಹಿಡಿದ.

ಕಿತ್ತ ಗಿಡಗಳು ಬದುವಿನ ಮೇಲೆ ಬೀಳುತ್ತಲೇ ಇದ್ದವು. ಲತಾಮಣಿ ಸ್ವಲ್ಪ ಹೊತ್ತು ನೋಡುತ್ತ ನಿಂತಳು. ಆಮೇಲೆ ಸೀರೆ ಎತ್ತಿ ಸಿಕ್ಕಿಸಿ, ಧೂಳಿನಲ್ಲೇ ಕೂತು, ಬಾಡುವ ಮೊದಲು ಸೊಪ್ಪು ಬಿಡಿಸಿ ಮಡಿಲಿಗೆ ತುಂಬಿಕೊಳ್ಳತೊಡಗಿದಳು. ಮಡಿಲು ತುಂಬಿ ಸೊಪ್ಪು ನೆಲಕ್ಕೆ ಚೆಲ್ಲತೊಡಗಿದಾಗ, ಬೋರಮ್ಮ ಹೆಣದ ಪಕ್ಕದಿಂದ ಎದ್ದು ಬಂದು, ಅವಳೆದುರು ಕೂತು, ತನ್ನ ಸೆರಗನ್ನು ಒಡ್ಡಿದಳು.