ಅವ್ವ ಸುಟ್ಟಳೆಂಬ ಹಾಡುಗಳು

ಪರದೆಯ ಮೇಲೆ ನನ್ನ ಅವ್ವ ಅಪ್ಪನ ಹಾಡಿನ ಕಾಗದಗಳನ್ನು ಒಲೆಗೆ ಹಾಕಿ ಸುಡುತ್ತಿದ್ದಳು. ಪಕ್ಕದ ಕುರ್ಚಿಯಲ್ಲಿದ್ದ ನಿಜವಾದ ಅವ್ವ, ಸಾಬವ್ವ, ಸೆರಗು ಸರಿಮಾಡಿಕೊಳ್ಳುತ್ತ ಕೇಳಿದಳು: "ಆಕಿ ಯಾರ, ಭಾಗ್ಯಾ?"

"ನೀನೇ ಅಂತ, ಅವ್ವಾ."

ನನಗೆ ಮೈಯೆಲ್ಲ ಉರಿದುಹೋಯಿತು. ಅಪ್ಪ ಶಂಕ್ರೆಪ್ಪ ಅಕ್ಷರ ಕಲಿತವನೇ ಅಲ್ಲ. ಎಂತೆಂಥ ಬಂದಿಶ್ ಕಟ್ಟಿದ, ಒಂದನ್ನೂ ಬರೆದಿಡಲಿಲ್ಲ. ಡೊಂಬಿವಲಿ ಎಂಐಡಿಸಿಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವನು, ಅವ್ವ ರೊಟ್ಟಿ ಬಡಿಯುವಾಗ ಎದುರು ಕೂತು ಹೊಸದನ್ನು ಹಾಡುತ್ತಿದ್ದ. ಮಲಗಿ ಎದ್ದರೆ ಅವನಿಗೆ ಅರ್ಧ ಮರೆತಿರುತ್ತಿತ್ತು. ರೊಟ್ಟಿಯ ಲಯಕ್ಕೇ ಕಲಿತಿಟ್ಟುಕೊಂಡಿದ್ದ ಅವ್ವ ಹಾಡಿ ಮರಳಿಸುತ್ತಿದ್ದಳು. ಅಪ್ಪ ಸತ್ತ ಮೇಲೆ ಆ ಹಾಡುಗಳು ಉಳಿದದ್ದು ಅವಳ ಕೊರಳಲ್ಲಿ ಮಾತ್ರ. ನಿರ್ದೇಶಕ ಯೋಗೀಶ್ ಇದನ್ನೆಲ್ಲ ನಮ್ಮ ಮನೆಯಲ್ಲೇ ಕೂತು, ನಮ್ಮ ಚಹಾ ಕುಡಿದು ಕೇಳಿಕೊಂಡು ಹೋಗಿದ್ದ. ಅವಳು ಹಾಡಿಕೊಟ್ಟ ನಾಲ್ಕಾರು ಹಾಡುಗಳನ್ನೇ ತನ್ನ ಹಿಂದಿ ಸಿನಿಮಾಕ್ಕೆ ತುಂಬಿದ್ದ. ನಾಚಿಕೆಗೆಟ್ಟವನು!

ಮಧ್ಯಂತರದಲ್ಲಿ ಅವನನ್ನು ಹಿಡಿದು ನಿಲ್ಲಿಸಿದೆ. "ಇಲ್ಲದ ಕಾಗದ ಹ್ಯಾಂಗ ಸುಟ್ಳು ನಮ್ಮವ್ವ?"

"ಅಕ್ಕ, ಸಿನೆಮಾ ಅಂದ್ರೆ ಒಂದು ವಿಲನ್ ಬೇಕಲ್ಲ ಮಾರಾಯ್ರೆ. ಅಮ್ಮನಿಗೆ ಟೈಟಲಲ್ಲಿ ಥ್ಯಾಂಕ್ಸ್ ಹಾಕಿದ್ದೇವೆ, ನೋಡಿಲ್ವಾ?"

"ಅಂದ್ರ ಆಕಿನೇ ಒಪ್ಕೊಂಡಾಳ ಅಂತ ಮಂದಿ ತಿಳೀತಾರ!"

ಅವನು ಆಗಲೇ ಯಾರದೋ ಸೆಲ್ಫಿಗೆ ಹಲ್ಲು ಕಿರಿಯುತ್ತಿದ್ದ.

ಸಿನಿಮಾ ಮುಗಿಯಿತು. ಘೋಡಬಂದರ್ ರಸ್ತೆಯ ಆ ಮಾಲಿನ ಚಿತ್ರಮಂದಿರದಲ್ಲಿ ದೀಪ ಹತ್ತಿದವು. ಯೋಗೀಶ್ ಅವ್ವನನ್ನು ಮುಂದೆ ಕರೆದು ಶಾಲು ಹೊದಿಸಿ ಮೈಕು ಹಿಡಿದ.

"ಅಮ್ಮ, ಇದುವರೆಗೆ ಯಾರೂ ಕೇಳದ ಒಂದು ಹಾಡು ಹೇಳಿ."

ಅವ್ವ ಅವನ ಮುಖವನ್ನೇ ನೋಡಿದಳು. "ಎಲ್ಲಾ ಸುಟ್ಟೀನಲ್ಲಪಾ, ನೀನೇ ತೋರ್ಸಿದಿ. ಸುಟ್ಟಿದ್ದು ಹ್ಯಾಂಗ ಹಾಡ್ಲಿ?"

ಭೇಷ್ ಅವ್ವಾ, ಅಂದುಕೊಂಡೆ. ಆದರೆ ಕನ್ನಡ ತಿಳಿಯದ ಸಭೆಗೆ ಯೋಗೀಶ್ ಗದ್ಗದ ದನಿಯಲ್ಲಿ ಹೇಳಿದ: "ಮಾಜೀ ಕೆಹ್ತೀ ಹೈಂ, ಮೈಂನೇ ಸಬ್ ಜಲಾ ದಿಯಾ."

ಎಲ್ಲಾ ನಾನೇ ಸುಟ್ಟೆ ಎಂದು ಅವ್ವ ತಪ್ಪೊಪ್ಪಿಕೊಂಡಳೆಂದೇ ನಂಬಿದ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ಹೆಂಗಸೊಬ್ಬಳು ಓಡಿ ಬಂದು, ತಪ್ಪು ಯಾರಿಂದಲಾದರೂ ಆಗುತ್ತದೆ ಎಂದು ಸಮಾಧಾನ ಹೇಳುತ್ತ ಅವ್ವನ ಕೈ ಹಿಡಿದಳು. "ಗಲ್ತಿ ಸಬ್‌ಸೇ ಹೋತೀ ಹೈ, ಮಾಜೀ."

ನಾನು ಕೂಗಿದ್ದು ಆ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಡೊಂಬಿವಲಿಯಲ್ಲೇ ಮುದುಕಿಯಾದ ಅವ್ವನಿಗೆ ಅಷ್ಟು ಹಿಂದಿ ಚೆನ್ನಾಗಿ ತಿಳಿಯುತ್ತದೆ. ಕೈ ಕೊಸರಿಕೊಂಡು ಶಾಲನ್ನು ಯೋಗೀಶನ ಕಾಲ ಬಳಿ ಎಸೆದು ನನ್ನ ಕಡೆ ಬಂದಳು.

"ನಡೀ ಭಾಗ್ಯಾ. ಉಳಿದ ಹಾಡೆಲ್ಲಾ ನನ್ನ ಕೂಡನೇ ಮಣ್ಣಿಗಿ ಹೋಗ್ಲಿ."