ನಾಗೇಂದ್ರಪ್ಪನ ಚಹಾ ದಂಡ

ಚಂದಾಪುರದ ಬಸ್ ನಿಲ್ದಾಣದ ಎದುರಿಗೆ ಹಗ್ಗ, ಕುಡಗೋಲು, ಔಷಧಿ ಹೊಡೆಯುವ ಪಂಪು ಮಾರುತ್ತಿದ್ದ ನಾಗೇಂದ್ರಪ್ಪನಿಗೆ ಇದ್ದದ್ದು ಒಂದೇ ದೋಷ. ಬೆಳಿಗ್ಗೆ ಏಳುತ್ತಿರಲಿಲ್ಲ. ಕಾಳಗಿಯ ಮೊದಲ ಬಸ್ಸಿನಿಂದ ಇಳಿದ ರೈತರು ಮುಚ್ಚಿದ ಶಟರು ನೋಡಿ, ಎದುರಿನ ಶಾಂತಕುಮಾರನ ಅಂಗಡಿಗೆ ಹೋಗಿ ಬೇಕಾದದ್ದೆಲ್ಲ ಕೊಂಡು, ಮರಳಿ ಬಸ್ಸು ಹತ್ತುವ ಹೊತ್ತಿಗೆ ಈ ಮಹಾರಾಯ ಹಲ್ಲುಜ್ಜುತ್ತಿರುತ್ತಿದ್ದ.

ತಾಯಿ ಗುರುಲಿಂಗಮ್ಮನಿಗೆ ಸಾಕಾಯಿತು. "ದೀಪಾವಳಿ ತನಕ ನೋಡ್ತೀನಿ. ಅಷ್ಟರಾಗ ನೀ ಸುಧಾರಿಸಲಿಲ್ಲಂದ್ರ ಪೂಜಾದ ದಿನ ಗಾದಿ ಮ್ಯಾಲ ಸೊಸಿನ್ನ ಕೂಡಸ್ತೀನಿ," ಎಂದಳು. ಲಕ್ಷ್ಮೀಪೂಜೆಯ ದಿನ ಅಂಗಡಿಯ ಗಾದಿಯ ಮೇಲೆ ಕೂತವರೇ ವರ್ಷವಿಡೀ ಸಾಹುಕಾರರು. ಬಜಾರವೆಲ್ಲ ಬಂದು ನೋಡುತ್ತದೆ. ಅಪ್ಪ ಕೂತಿದ್ದ ಗಾದಿ ಅದು. ನಾಗೇಂದ್ರಪ್ಪನಿಗೆ ನಿಜವಾಗಿಯೂ ಹೆದರಿಕೆಯಾಯಿತು.

ಮೊಬೈಲಿನಲ್ಲಿ ಸೂಟು ತೊಟ್ಟ ಯಾರೋ ಶಿಸ್ತಿನ ಗುಟ್ಟು ಹೇಳುತ್ತಿದ್ದ: ಸಂಕಲ್ಪವನ್ನು ನಾಲ್ಕು ಜನರ ಮುಂದೆ ಸಾರಿ, ತಪ್ಪಿದರೆ ದಂಡ ಹಾಕಿಕೊಳ್ಳಿ. ನಾಗೇಂದ್ರಪ್ಪ ನೆಟ್ಟಗೆ ಮೌಲಾಲಿಯ ಚಹಾ ಹೋಟೆಲಿಗೆ ಹೋಗಿ ಇದ್ದಬದ್ದವರೆಲ್ಲರ ಮುಂದೆ ಸಾರಿದ. "ನಾಳಿಂದ ಕಾಳಗಿ ಬಸ್ ಬರೋದ್ರಾಗ ಅಂಗಡಿ ತಗೀತೀನಿ. ತಗೀಲಿಲ್ಲಂದ್ರ ನಮ್ಮ ಅಂಗಡಿ ಪಾವಟಗಿ ಮ್ಯಾಲ ಕುಂತೋರಿಗೆಲ್ಲ ನನ್ನ ಹೆಸರಿನ ಮ್ಯಾಲ ಚಾ."

"ಖರೇನ್ರಿ ಸಾವುಕಾರ್ರ?" ಎಂದ ಮೌಲಾಲಿ. ಆ ಸಂಜೆಯೇ ಹೋಗಿ ದೊಡ್ಡದೊಂದು ಕೆಟಲ್ ಕೊಂಡು ತಂದ.

ತಾನು ಏಳದಿರಲಿ ಎಂದು ಊರೆಲ್ಲ ಹಾರೈಸುವಂಥ ಏರ್ಪಾಡು ಮಾಡಿಕೊಂಡ ಜಾಣ ಅವನೊಬ್ಬನೇ ಇರಬೇಕು. ಮರುದಿನ ಅವನು ಏಳಲಿಲ್ಲ. ಬಸ್ಸಿಳಿದ ರೈತರು ಪಾವಟಗಿಯ ಮೆಟ್ಟಿಲ ಮೇಲೆ ಸಾಲಾಗಿ ಕೂತು ಚಹಾ ಕುಡಿದರು. ಮೌಲಾಲಿ ಮನೆಗೆ ಬಂದು ಸುದ್ದಿ ಹೇಳಿದಾಗ ಹೆಂಡತಿ ಉಮಾದೇವಿಗೆ ನಾಚಿಕೆಯಾಯಿತು. ಗಂಡನನ್ನು ಅಲುಗಾಡಿಸಿ ನೋಡಿದಳು. ಅವನು ಮಗ್ಗಲು ಬದಲಿಸಿದ, ಅಷ್ಟೇ. ಗೂಟದ ಮೇಲಿನ ಕೀಲಿಕೈ ತೆಗೆದುಕೊಂಡು ತಾನೇ ಹೋಗಿ ಶಟರು ಎತ್ತಿದಳು. ಒಬ್ಬರ ಚಹಾ ಕುಡಿದು ಎದುರಂಗಡಿಗೆ ಹೋಗುವಷ್ಟು ನಾಚಿಕೆಗೆಟ್ಟವರು ನಮ್ಮ ಕಡೆ ಇಲ್ಲ. ಹಗ್ಗ ಬೇಕಾದವರು ಹಗ್ಗ ಕೊಂಡರು, ಬೇಡವಾದವರೂ ಮುಲಾಜಿಗೆ ಒಂದಿಷ್ಟು ಹಗ್ಗ ಕೊಂಡರು.

ಅಂದಿನಿಂದ ಅದೇ ರೂಢಿಯಾಯಿತು. ಬಿಸಿಲೇರಿದ ಮೇಲೆ ಅವನು ಅಂಗಡಿಗೆ ಬಂದರೆ ಅವಳು ಅಡುಗೆಗೆಂದು ಮನೆಗೆ ಹೋಗುತ್ತಿದ್ದಳು. ದಂಡ ತೆತ್ತೂ ತೆತ್ತೂ ತನ್ನಲ್ಲಿ ಶಿಸ್ತು ಬೆಳೆಯುತ್ತಿದೆ ಎಂದೇ ಅವನು ನಂಬಿದ್ದ.

ಪೂಜೆಯ ದಿನ ಮಾತ್ರ ಹಟ ತೊಟ್ಟು, ಮೊಬೈಲಿಗೆ ಅಲಾರಾಂ ಇಟ್ಟು ಅದನ್ನು ತಾಮ್ರದ ಹಂಡೆಯೊಳಗೆ ಇಳಿಬಿಟ್ಟು ಮಲಗಿದ. ಬೆಳಿಗ್ಗೆ ಓಣಿಯ ನಾಯಿಗಳೆಲ್ಲ ಎದ್ದವು, ಕೊನೆಗೆ ಅವನೂ ಎದ್ದ. ಓಡಿದ. ಬಸ್ಸು ಇನ್ನೂ ಬಂದಿರಲಿಲ್ಲ. ಆದರೆ ಶಟರು ಮೇಲಿತ್ತು, ಮುಂದೆ ರಂಗೋಲಿ ಬಿದ್ದಿತ್ತು, ಉಮಾದೇವಿ ಒಳಗೆ ಕಸ ಹೊಡೆಯುತ್ತಿದ್ದಳು. ಆದರೇನು, ತಾನೂ ಎದ್ದೆನಲ್ಲ ಎಂದು ಎದೆಯುಬ್ಬಿಸಿ ಮೆಟ್ಟಿಲ ಮೇಲೆ ನಿಂತ.

ಬಸ್ಸು ಬಂತು. ಇಳಿದವರ ಮುಖ ಅವನನ್ನು ಕಂಡದ್ದೇ ಬಾಡಿತು. "ಸಾವುಕಾರ್ರು ಎದ್ದಾರ. ಇವತ್ತ ಚಾ ಇಲ್ಲ ಬಿಡ್ರಿ," ಎಂದು ಮುದುಕನೊಬ್ಬ ಶಾಂತಕುಮಾರನ ಅಂಗಡಿಯತ್ತ ಹೊರಳಿದ. ಉಳಿದವರೂ ಹೊರಳಿದರು.

"ಎಲ್ಲಿ ಹೊಂಟೀರಿ ಕಾಕಾ? ಕುಂದ್ರಿ, ಚಾ ಬರ್ತದ," ಎಂದಳು ಉಮಾದೇವಿ ಒಳಗಿನಿಂದ. ಆಮೇಲೆ ಗಂಡನ ಕಡೆ ತಿರುಗಿ ಮೆಲ್ಲಗೆ, "ಹ್ಯಾಂಗೂ ಎದ್ದೀರಿ. ಹೋಗಿ ಕೆಟಲ್ ತರ್ರಿ," ಎಂದಳು.

ಅವನು ಹೋಗಿ ತಂದ.

ಸಂಜೆ ಬಜಾರವೆಲ್ಲ ಸೇರಿತ್ತು. ಗುರುಲಿಂಗಮ್ಮ ಮಗನನ್ನೇ ನೋಡಿದಳು. ನಾಗೇಂದ್ರಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಗಾದಿ ಝಾಡಿಸಿ, ಹೆಂಡತಿಗೆ "ಕುಂದ್ರು," ಎಂದ.

ಈಗ ಅವನು ಒಂದು ದಿನವೂ ತಪ್ಪದೆ ಬಸ್ಸಿಗಿಂತ ಮೊದಲು ಎದ್ದು ಕೆಟಲ್ ಹಿಡಿದು ನಿಂತಿರುತ್ತಾನೆ. ತಡವಾದರೆ ಸಾಹುಕಾರ್ತಿ ಬೈಯುತ್ತಾಳೆ.