ಎರಡು ಕೆಳಪಟ್ಟಿಯ ಕವಚ

ನಮ್ಮ ಹೊಲಿಗೆ ಅಂಗಡಿಯ ನಡುವೆ ಒಂದು ಪರದೆ ಇದೆ. ಪರದೆಯ ಆಚೆ ನನ್ನ ತಮ್ಮ, ಗಂಡಸರ ಬಟ್ಟೆ ಹೊಲಿಯುತ್ತಾನೆ. ಈಚೆ ಅವನ ಹೆಂಡತಿ, ಹೆಂಗಸರ ಬಟ್ಟೆ. ಪರದೆ ಮುಗಿದು ಬಾಗಿಲ ಬೆಳಕು ಬೀಳುವ ಕಡೆ, ಅವನಿಗೆ ಅಕ್ಕ, ಅವಳಿಗೆ ಅತ್ತಿಗೆಯಾದ ನನ್ನ ಸ್ಟೂಲು. ಕಾಜಾ ಮಾಡುವುದು, ಗುಂಡಿ ಕೂರಿಸುವುದು, ಅಂಚು ಮಡಿಸಿ ಹೊಲಿಯುವುದು ನನ್ನ ಕೆಲಸ. ಗಂಡಸರ ಅಂಗಿಯಲ್ಲಿ ಎಡಪಟ್ಟಿ ಮೇಲೆ ಬರುತ್ತದೆ, ಹೆಂಗಸರದರಲ್ಲಿ ಬಲಪಟ್ಟಿ. ಯಾಕೆ ಎಂದು ನನ್ನನ್ನು ಕೇಳಬೇಡಿ, ಹಾಗೆ ಬಂದಿದೆ, ಹಾಗೆ ಹೊಲಿಯುತ್ತೇವೆ. ಇಬ್ಬರು ಹೊಲಿದದ್ದೂ ಕೊನೆಗೆ ನನ್ನ ಮಡಿಲಿಗೇ ಬರಬೇಕು. ಗುಂಡಿಯಿಲ್ಲದ ಅಂಗಿ ತೊಟ್ಟು ಎಂಥ ಸಾಹೇಬನೂ ಬೀದಿಗಿಳಿಯಲಾರ ಎಂಬುದು ಇವರಿಗೆ ಆಗಾಗ ಮರೆತುಹೋಗುತ್ತದೆ. ಆಗಾಗ ನಾನು ನೆನಪಿಸುತ್ತೇನೆ.

ಜಗಳ ಶುರುವಾದದ್ದು ಕತ್ತರಿಯಿಂದ. ದರ್ಜಿಯ ಮನೆಯಲ್ಲಿ ಬಟ್ಟೆ ಕತ್ತರಿಗೆ ಕಾಗದವನ್ನು ತೋರಿಸುವಂತೆಯೂ ಇಲ್ಲ. ಕಾಗದ, ರಟ್ಟು ತಾಗಿದರೆ ಅದರ ಬಾಯಿ ಮೊಂಡಾಗುತ್ತದೆ. ಆಮೇಲೆ ಅದು ಬಟ್ಟೆಯನ್ನು ಕತ್ತರಿಸುವುದಿಲ್ಲ, ಅಗಿಯುತ್ತದೆ. ಒಂದು ಬೆಳಿಗ್ಗೆ ತಮ್ಮನ ಹೆಂಡತಿ ಯಾರದೋ ರೇಷ್ಮೆ ಗೌನಿನ ಬಟ್ಟೆಗೆ ತನ್ನ ದೊಡ್ಡ ಕತ್ತರಿ ಇಟ್ಟಳು. ಕತ್ತರಿ ಅಗಿಯಿತು.

"ಯಾರೋ ಇದ್ರಲ್ಲಿ ರಟ್ಟು ಕತ್ತರಿಸಿದಾರೆ," ಎಂದಳು ಪರದೆಯ ಕಡೆ ನೋಡುತ್ತ.

"ಯಾರೋ ಅಂದ್ರೆ ಯಾರು? ಬಾಯಿಬಿಟ್ಟು ಹೇಳು," ಎಂದ ತಮ್ಮ ಪರದೆಯಾಚೆಯಿಂದ.

"ನಾನಂತೂ ಅಲ್ಲ. ಅತ್ತಿಗೆ ಕೈಗೆ ಇದು ಭಾರ. ಉಳಿದೋರು ಯಾರು ಅಂತ ನೀವೇ ನೋಡ್ಕೊಳ್ಳಿ."

ಅವನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ನನ್ನ ತಮ್ಮ ಸುಮ್ಮನಿರುವುದು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಾಗ ಮಾತ್ರ. "ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ," ಎಂದುಬಿಟ್ಟ. ಅವಳ ಕೈಕೆಲಸಕ್ಕೆ ಯಾರೂ ಹಾಗೆ ಅಂದದ್ದಿಲ್ಲ. ಅವಳು ಕತ್ತರಿಯನ್ನು ಮೇಜಿನ ಮೇಲಿಟ್ಟಳು, ಬಾಯಿ ಮುಚ್ಚಿದಳು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಮ್ಮ ಮನೆಯವರು ಉಂಡರು, ಮಲಗಿದರು, ಎದ್ದರು. ಜಗಳ ಮಾತ್ರ ಮಲಗಲಿಲ್ಲ. ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಕೂತವರು ನನ್ನನ್ನು ಅಂಚೆಯವಳನ್ನಾಗಿ ಮಾಡಿಕೊಂಡರು.

"ಅಕ್ಕಾ, ಇಸ್ತ್ರಿ ಪೆಟ್ಟಿಗೆ ಬಿಡುವಿದೆಯಾ ಕೇಳು."

"ಅತ್ತಿಗೆ, ಇಲ್ಲ ಅನ್ನಿ."

"ಅಕ್ಕಾ, ಕೇಳಿಸ್ತು ಅನ್ನು."

ಮದ್ದಳೆಗಾದರೂ ಬಾರಿಸುವವನು ಒಬ್ಬನೇ. ನನಗೆ ಇಬ್ಬರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಬೈದುಕೊಂಡು ಸುಮ್ಮನಾಗುತ್ತಿದ್ದೆ. ಆದರೆ ತಮ್ಮ ಬಡಗಿಯನ್ನು ಕರೆಸಿದ. ಪರದೆ ತೆಗೆದು ಅಲ್ಲಿ ಹಲಗೆಯ ಗೋಡೆ ನಿಲ್ಲಿಸಬೇಕಂತೆ, ಎರಡು ಅಂಗಡಿ ಆಗಬೇಕಂತೆ. ಅವನ ಹೆಂಡತಿಯೂ ನನ್ನ ಮೂಲಕ "ಸಂತೋಷ" ಎಂದು ಹೇಳಿಕಳಿಸಿದಳು. ಬಡಗಿ ಟೇಪು ಹಿಡಿದು ಹಿಂಬದಿಯ ಗೋಡೆಯಿಂದ ಅಳೆಯುತ್ತ ಬಂದು ನನ್ನ ಸ್ಟೂಲಿಗೆ ಎಡವಿದ.

"ಗೋಡೆ ಸರಿಯಾಗಿ ಇಲ್ಲೇ ಬರುತ್ತೆ. ಅಕ್ಕ ಯಾವ ಕಡೆ ಕೂರ್ತಾರೆ?" ಎಂದು ಕೇಳಿದ.

"ನನ್ನ ಕಡೆ," ಎಂದರು ಇಬ್ಬರೂ ಒಟ್ಟಿಗೆ. ಜಗಳ ಶುರುವಾದ ಮೇಲೆ ಅವರು ಒಪ್ಪಿದ ಮೊದಲ ಮಾತು ಅದು, ಅದರಿಂದಲೂ ನನ್ನನ್ನೇ ಸೀಳಬೇಕಿತ್ತು.

ನನಗೆ ನಿಜವಾಗಿ ಹೆದರಿಕೆಯಾಯಿತು. ಈ ಕಡೆ ಕೂತರೆ ಒಡಹುಟ್ಟಿದವನನ್ನು ಬಿಟ್ಟ ಹಾಗೆ. ಆ ಕಡೆ ಕೂತರೆ, ನನ್ನ ಸೊಂಟ ಹಿಡಿದಾಗಲೆಲ್ಲ ಬಿಸಿನೀರಿನ ಚೀಲ ತಂದಿಡುವವಳನ್ನು ಬಿಟ್ಟ ಹಾಗೆ. ಬಡಗಿ ಸೋಮವಾರ ಹಲಗೆ ತರುತ್ತೇನೆ ಎಂದು ಹೋದ. ನಾನು ದಾರ ಪೋಣಿಸಲು ಹೋದರೆ ಸೂಜಿಯ ಕಣ್ಣೇ ಕಾಣಲಿಲ್ಲ.

ಇವರ ಮಗಳನ್ನೂ ನಾವು ಸೂಜಿ ಎಂದೇ ಕರೆಯುವುದು. ಸಣಕಲಿ, ಮಾತು ಮಾತ್ರ ಚುಚ್ಚುತ್ತದೆ. ಆ ಸೋಮವಾರಕ್ಕೆ ಮೊದಲ ಶನಿವಾರ ಅವಳ ಶಾಲೆಯಲ್ಲಿ ವೇಷಭೂಷಣ ಸ್ಪರ್ಧೆ ಇತ್ತು. ಬೇರೆ ಗ್ರಹದಿಂದ ಬಂದ ಯೋಧೆಯಾಗುತ್ತೇನೆ, ತಲೆಯಿಂದ ಕಾಲಿನವರೆಗೆ ಕವಚ ಬೇಕು, ಏನನ್ನೂ ಕೊಳ್ಳುವುದು ಬೇಡ, ಮನೆಯಲ್ಲಿರುವ ಹಳೆ ಸಾಮಾನಿನಲ್ಲೇ ಆಗಬೇಕು ಎಂದು ಊಟದ ಹೊತ್ತಿಗೆ ಸಾರಿದಳು.

"ಅಕ್ಕಾ, ನಾನು ಮಾಡ್ಕೊಡ್ತೀನಿ ಅನ್ನು."

"ಅತ್ತಿಗೆ, ಹೆಣ್ಮಕ್ಕಳ ಅಳತೆ ಇವರಿಗೇನು ಗೊತ್ತು ಕೇಳಿ."

ಸೂಜಿ ತಟ್ಟೆಯಿಂದ ತಲೆ ಎತ್ತಲಿಲ್ಲ. "ಬಲಗಡೆ ಅರ್ಧ ಅಪ್ಪ, ಎಡಗಡೆ ಅರ್ಧ ಅಮ್ಮ. ಎದೆ ಹತ್ರ ತೆರೆದು ಮುಚ್ಚೋ ಹಾಗೆ ವೆಲ್ಕ್ರೊ ಹಾಕಿ," ಎಂದಳು. ನ್ಯಾಯಾಧೀಶರೂ ಇಷ್ಟು ಬೇಗ ತೀರ್ಪು ಕೊಡುವುದಿಲ್ಲ.

ಮೊದಲ ಬಲಿ ನನ್ನ ಚಾಪೆ. ಸೊಂಟದ ವ್ಯಾಯಾಮಕ್ಕೆಂದು ಡಾಕ್ಟರು ಹೇಳಿ ತರಿಸಿದ್ದ ದಪ್ಪ ಫೋಮಿನ ಚಾಪೆ. "ಅತ್ತೆ, ನೀವು ಹೇಗೂ ವ್ಯಾಯಾಮ ಮಾಡಲ್ವಲ್ಲ," ಎಂದು ಸುರುಳಿ ಸುತ್ತಿ ಒಯ್ದಳು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ನನಗೆ ಚಾಚಲು ಕಾಲು ಉಳಿಯಿತು, ಹಾಸಿಗೆ ಹೋಯಿತು. ಆಮೇಲೆ ಫ್ರಿಜ್ಜು ಬಂದಿದ್ದ ರಟ್ಟಿನ ಪೆಟ್ಟಿಗೆ ಮೊಣಕಾಲಿಗೆ, ಮೊಟ್ಟೆಯ ಟ್ರೇ ಹೊಟ್ಟೆಗೆ, ವಾಷಿಂಗ್ ಮಷೀನಿನ ಹಳೆ ಪೈಪು ಕುತ್ತಿಗೆಗೆ, ಶಾಂಪೂ ಬಾಟಲಿಗಳ ಮುಚ್ಚಳ ತೋಳಿನ ಸ್ವಿಚ್ಚುಗಳಿಗೆ ಹೋದವು. ಹಿಡಿ ಮುರಿದ ಬಕೆಟ್ಟು ಶಿರಸ್ತ್ರಾಣವಾಯಿತು. ಮುಖದ ಎದುರು ಕಪ್ಪು ಗಾಜು ಬೇಕಿತ್ತು. ಸೂಜಿ ಬೀರುವಿನಿಂದ ತಮ್ಮನ ಬೆನ್ನಿನ ಎಕ್ಸ್‌ರೇ ಹುಡುಕಿ ತೆಗೆದಳು. ಒಳಗಿನಿಂದ ನೋಡಿದರೆ ಲೋಕವೆಲ್ಲ ಕಾಣುತ್ತದೆ, ಹೊರಗಿನಿಂದ ನೋಡಿದರೆ ನನ್ನ ತಮ್ಮನ ಬೆನ್ನುಮೂಳೆ ಕಾಣುತ್ತದೆ.

"ಅತ್ತಿಗೆ, ಇವರಿಗೆ ಬೆನ್ನುಮೂಳೆ ಇದೆ ಅಂತ ಇವತ್ತು ಗೊತ್ತಾಯ್ತು ಅನ್ನಿ," ಎಂದಳು ಅವನ ಹೆಂಡತಿ. ಇದನ್ನು ನಾನು ದಾಟಿಸಲಿಲ್ಲ. ದಾಟಿಸುವ ಅಗತ್ಯವೂ ಇರಲಿಲ್ಲ, ಪರದೆಯಾಚೆ ಹೊಲಿಗೆ ಯಂತ್ರ ಸಿಟ್ಟಿನಿಂದ ಓಡತೊಡಗಿತು.

ಕೆಲಸ ಮಾತ್ರ ನೋಡುವಂತಿತ್ತು. ಫೋಮು ಹೇಳಿದ ಹಾಗೆ ಬಾಗುವುದಿಲ್ಲ. ತಮ್ಮ ಅದರ ಮೇಲೆ ಹಳೆ ಬಟ್ಟೆ ಹಾಸಿ, ಕೋಟಿನ ಕಾಲರಿಗೆ ಮಾಡುವ ಹಾಗೆ ಹದವಾಗಿ ಇಸ್ತ್ರಿ ಆಡಿಸಿ, ಬಿಸಿಯಿದ್ದಾಗಲೇ ತನ್ನ ಮಂಡಿಯ ಮೇಲೆ ಒತ್ತಿ ಹಿಡಿದ. ಆರಿದ ಮೇಲೆ ಅದು ಭುಜದ ಆಕಾರದಲ್ಲಿ ನಿಂತಿತು. ಪರದೆಯ ಈಚೆ ಅವಳು ಇಸ್ತ್ರಿಯ ಗೊಡವೆಗೇ ಹೋಗಲಿಲ್ಲ. ಗೌನು ಮೈಗೆ ಹೊಂದಲೆಂದು ಡಾರ್ಟು ಹಿಡಿಯುವ ಹಾಗೆ ಫೋಮಿನಲ್ಲಿ ತ್ರಿಕೋನ ಕತ್ತರಿಸಿ ತೆಗೆದು ಅಂಚಿಗೆ ಅಂಚು ಅಂಟಿಸಿದಳು. ಅದೂ ಭುಜವಾಗಿ ಎದ್ದಿತು. ಅವನು ನೀರು ಕುಡಿಯುವ ನೆಪದಲ್ಲಿ ಎದ್ದು ಬಂದು ಅದನ್ನು ನೋಡಿಹೋದ. ಅವಳು ದಾರ ಬಿದ್ದ ನೆಪದಲ್ಲಿ ಬಗ್ಗಿ ಪರದೆಯ ಕೆಳಗಿನಿಂದ ಅವನದನ್ನು ನೋಡಿದಳು. ಕಿಟಕಿ ಸರಳಿಗೆ ಬಳಿದು ಉಳಿದ ಬೆಳ್ಳಿ ಬಣ್ಣವನ್ನು ಎರಡು ಬಟ್ಟಲಿಗೆ ಸಮನಾಗಿ ಹಂಚಿದವಳು ನಾನು.

"ಒಂದ್ಸಲ ಎರಡೂ ಸೇರಿಸಿ ಹಾಕಿ ನೋಡ್ರಪ್ಪಾ," ಎಂದೆ.

"ಮೊದ್ಲು ಅವಳು ಮುಗಿಸ್ಲಿ," ಎಂದ ಅವನು. "ಮೊದ್ಲು ಅವರು ಮುಗಿಸ್ಲಿ," ಎಂದಳು ಅವಳು. ಹೀಗೆ ಸೂಜಿ ಆ ಕಡೆ ಹೋಗಿ ಬಲ ಅರ್ಧ ತೊಟ್ಟು ನೋಡಿದಳು, ಈ ಕಡೆ ಬಂದು ಎಡ ಅರ್ಧ ತೊಟ್ಟು ನೋಡಿದಳು. ಎರಡೂ ಅಚ್ಚು ಹೊಯ್ದಂತೆ ಕೂತವು. ಸೇರಿಸಿ ನೋಡಲು ಮಾತ್ರ ಪುರುಸೊತ್ತು ಸಿಗಲಿಲ್ಲ.

ಶನಿವಾರ ಶಾಲೆಯ ವೇದಿಕೆಯ ಹಿಂದಿನ ಕೋಣೆಯಲ್ಲಿ ನಾಲ್ವರೂ ಇದ್ದೆವು. ನಾನು ಬಕೆಟ್ಟು ಹಿಡಿದು ನಿಂತಿದ್ದೆ. ಸೂಜಿ ಅರ್ಧಗಳೆರಡನ್ನೂ ತೊಟ್ಟು, ಬೆನ್ನ ಹಿಂದೆ ಲಾಡಿ ಕಟ್ಟಿಸಿಕೊಂಡು, ಎದೆಯ ಮೇಲೆ ಎಳೆದು, ಪಟ್ಟಿಯ ಮೇಲೆ ಪಟ್ಟಿ ಇಟ್ಟು ಒತ್ತಿದಳು. ಕೈ ಬಿಟ್ಟಳು. ಕವಚ ಬಾಗಿಲ ಹಾಗೆ ತೆರೆದುಕೊಂಡಿತು. ಒಳಗೆ ಬಾತುಕೋಳಿ ಚಿತ್ರದ ಬನಿಯನ್ನು.

ಮತ್ತೆ ಒತ್ತಿದಳು. ಮತ್ತೆ ಬಾತುಕೋಳಿ.

ನಾನು ಬಗ್ಗಿ ಪಟ್ಟಿಗಳನ್ನು ಮುಟ್ಟಿ ನೋಡಿದೆ. ವೆಲ್ಕ್ರೊದಲ್ಲಿ ಒಂದು ಮುಳ್ಳುಪಟ್ಟಿ, ಒಂದು ಮೆತ್ತನೆಯ ಪಟ್ಟಿ. ನಮ್ಮ ಅಂಗಡಿಯಲ್ಲಿ ಕೆಳಗೆ ಹೋಗುವ ಭಾಗಕ್ಕೆ ಮುಳ್ಳು, ಮೇಲೆ ಬರುವ ಭಾಗಕ್ಕೆ ಮೆತ್ತನೆಯದು. ಗಂಡಸರ ಅಂಗಿಯಲ್ಲಿ ಬಲಭಾಗ ಕೆಳಗೆ, ಹಾಗಾಗಿ ತಮ್ಮ ಬಲ ಅರ್ಧಕ್ಕೆ ಮುಳ್ಳು ಹಾಕಿದ್ದ. ಹೆಂಗಸರದರಲ್ಲಿ ಎಡಭಾಗ ಕೆಳಗೆ, ಹಾಗಾಗಿ ಅವಳು ಎಡ ಅರ್ಧಕ್ಕೆ ಮುಳ್ಳು ಹಾಕಿದ್ದಳು. ಎರಡೂ ಮುಳ್ಳು. ಮುಳ್ಳಿಗೆ ಮುಳ್ಳು ಎಲ್ಲಾದರೂ ಅಂಟೀತೆ?

"ಅಕ್ಕಾ, ಹುಡುಗಿ ಬಟ್ಟೆಗೆ..." ಎಂದು ಶುರುಮಾಡಿದ ತಮ್ಮ, ನಡುವೆಯೇ ನನ್ನನ್ನು ಮರೆತ. "ಏನೇ ಇದು? ಯೋಧರ ಬಟ್ಟೆಗೆ ಯಾವಾಗ್ಲೂ ಎಡಪಟ್ಟಿ ಮೇಲೆ ಬರೋದು. ಅಷ್ಟೂ ಗೊತ್ತಿಲ್ವಾ?"

"ಹಾಕ್ಕೊಳ್ಳೋಳು ಹುಡುಗಿ. ಬಲಪಟ್ಟಿ ಮೇಲೆ ಬರ್ಬೇಕು. ಮೂರು ಹೊತ್ತೂ ಗಂಡಸರ ಅಂಗಿ ಹೊಲ್ದು ಹೊಲ್ದು ನಿಮ್ಗೆ ಮಗಳೂ ಸಾಹೇಬರ ಹಾಗೆ ಕಾಣ್ತಾಳಾ?"

"ಒಂದು ಮಾತು ಕೇಳಿದ್ರೆ ಆಗ್ತಿತ್ತು!"

"ನೀವು ಕೇಳಿದ್ರಾ? ಬಾಯಿ ಇರೋದು ಕತ್ತರಿ ಹಾಳು ಮಾಡಿ ಗಾದೆ ಹೇಳೋಕೆ ಮಾತ್ರ!"

"ಎಷ್ಟು ಸಲ ಹೇಳ್ಲಿ, ನಿನ್ನ ಕತ್ತರಿ ನಾನು ಮುಟ್ಟಿಲ್ಲ!"

ಕೋಣೆಯಲ್ಲಿದ್ದ ಚಿಟ್ಟೆಗಳು, ರಾಜರು, ಒಂದು ಟ್ರಾಫಿಕ್ ದೀಪ, ಎಲ್ಲರೂ ತಿರುಗಿ ನೋಡಿದರು. ನನಗೆ ನಾಚಿಕೆಯಾಗಬೇಕಿತ್ತು, ಆಗಿದ್ದು ಸಮಾಧಾನ. ಬೈದಾಡಲಿ ಬಿಡಿ. ಎಷ್ಟೋ ದಿನಗಳ ಮೇಲೆ ನೇರ ಮಾತು, ನಡುವೆ ಅಂಚೆಯವಳಿಲ್ಲ.

"ಕತ್ತರಿ ನಾನು ತಗೊಂಡಿದ್ದೆ!" ಎಂದು ಸೂಜಿ ಕಿರುಚಿದಳು. "ಈ ಕವಚಕ್ಕೇ ಮೊದ್ಲು ರಟ್ಟಲ್ಲಿ ಮಾಡಿ ನೋಡಿದ್ದೆ. ಅಡುಗೆಮನೆ ಕತ್ತರೀಲಿ ಆಗ್ಲಿಲ್ಲ."

ಇಬ್ಬರೂ ಅವಳ ಕಡೆ ತಿರುಗಿದರು. ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಒಟ್ಟಿಗೆ ಅವಳ ಮೇಲೆ ಬಿದ್ದರು.

"ಬಟ್ಟೆ ಕತ್ತರೀಲಿ ರಟ್ಟಾ?" ಎಂದ ತಮ್ಮ.

"ಅದೂ ಫ್ರಿಜ್ಜಿನ ರಟ್ಟು!" ಎಂದಳು ಅವಳು. "ಕೇಳಿದ್ರಾ ಇವಳ ಮಾತು?"

"ಕೇಳ್ದೆ! ದರ್ಜಿ ಹೊಟ್ಟೇಲಿ ಹುಟ್ಟಿದೋಳು ಮಾಡೋ ಕೆಲಸವಾ ಇದು?"

"ಕೇಳಿ, ಸರಿಯಾಗಿ ಕೇಳಿ!"

ನೋಡಿ, ಜೋಡಿ ಎಂದರೆ ಇದು. ಮಗುವನ್ನು ಬೈಯುವಾಗ ಒಬ್ಬರು ನಿಲ್ಲಿಸಿದಲ್ಲಿಂದ ಇನ್ನೊಬ್ಬರು ಎತ್ತಿಕೊಳ್ಳುತ್ತಿದ್ದರು, ಒಂದು ಹೊಲಿಗೆಯೂ ತಪ್ಪಲಿಲ್ಲ. ಅಷ್ಟರಲ್ಲಿ ಹೊರಗೆ ಮೈಕಿನಲ್ಲಿ ಸೂಜಿಯನ್ನು ಕರೆದರು. ಅವಳ ಕಣ್ಣಲ್ಲಿ ನೀರು, ಎದೆಯ ಮೇಲೆ ಬಾತುಕೋಳಿ.

ನಾನು ಗೋಡೆಯ ಕಡೆ ತಿರುಗಿ ಸೊಂಟದ ಬೆಲ್ಟು ಬಿಚ್ಚಿದೆ. ನೋವಿಗೆಂದು ದಿನವೂ ಕಟ್ಟುವ ಅಗಲವಾದ ಬೆಲ್ಟು, ಒಳಮೈಯೆಲ್ಲ ಮೆತ್ತಗೆ. ಅದನ್ನು ಅವಳ ಎದೆಯ ನಡುವೆ ನೆಟ್ಟಗೆ ಇಟ್ಟೆ.

"ಬೈದಿದ್ದು ಸಾಕು. ನೀನು ಆ ಕಡೆ ಒತ್ತು, ನೀನು ಈ ಕಡೆ ಒತ್ತು," ಎಂದೆ.

ಒತ್ತಿದರು. ಎರಡು ಕಡೆಯ ಮುಳ್ಳೂ ಬೆಲ್ಟನ್ನು ಕಚ್ಚಿ ಹಿಡಿದವು. ಬಕೆಟ್ಟು ತಲೆಗೇರಿತು. ಸೂಜಿ ವೇದಿಕೆಗೆ ಓಡಿದಳು.

ಅವಳು ಚೆನ್ನಾಗಿಯೇ ನಡೆದಳು. ತೀರ್ಪುಗಾರರು ಎದೆಯ ಮೇಲಿನ ಪಟ್ಟಿ ಏನು ಎಂದು ಕೇಳಿದ್ದಕ್ಕೆ "ಶಕ್ತಿಕೇಂದ್ರ" ಎಂದಳು. ಮುಖದ ಮೇಲಿನ ಮೂಳೆ ಯಾರದು ಎಂದದ್ದಕ್ಕೆ "ನಮ್ಮಪ್ಪಂದು" ಎಂದಳು. ಸಭೆಯೆಲ್ಲ ನಕ್ಕಿತು. ಅವಳ ಅಮ್ಮ ಎಲ್ಲರಿಗಿಂತ ಜೋರಾಗಿ ನಕ್ಕಳು. ಆದರೂ ಬಹುಮಾನ ಹೋದದ್ದು ಕೊಡೆ ಬಿಚ್ಚಿಕೊಂಡು ಅಣಬೆಯಾಗಿ ನಿಂತಿದ್ದ ಹುಡುಗನಿಗೆ.

"ಅದ್ರಲ್ಲಿ ಹೊಲಿಗೆ ಎಲ್ಲಿದೆ ರೀ?" ಎಂದಳು ತಮ್ಮನ ಹೆಂಡತಿ.

"ಕೊಡೆ ಬಿಚ್ಚಿದ್ದೇ ಕೆಲಸ. ನಿನ್ನ ಆ ಡಾರ್ಟು ಅವರ ಕಣ್ಣಿಗೆ ಬಿತ್ತಾ? ಕುರುಡರು," ಎಂದ ತಮ್ಮ.

ಡಾರ್ಟು ಎಂದ! ಅವಳು ತುಟಿಯೊಳಗೇ ನಕ್ಕದ್ದನ್ನು ನಾನು ಕಂಡೆ. ನಾನು ಏಳಲು ಹೋದರೆ ಬೆಲ್ಟಿಲ್ಲದ ಸೊಂಟ ಕುರ್ಚಿಯನ್ನು ಬಿಡಲಿಲ್ಲ. ಇಬ್ಬರೂ ಒಂದೊಂದು ತೋಳು ಹಿಡಿದು ಎಬ್ಬಿಸಿದರು. ಮನೆಯವರೆಗೂ ನನ್ನ ತಲೆಯ ಮೇಲಿಂದ ಆ ಅಣಬೆಯನ್ನು ಬೈಯುತ್ತ ನಡೆದರು. ಇಂಥ ಹಿತವಾದ ಬೈಗುಳ ನಾನು ಕೇಳಿರಲಿಲ್ಲ.

ಆದರೆ ಗೋಡೆಯ ಮಾತನ್ನು ಯಾರೂ ಎತ್ತಲಿಲ್ಲ. ಬೇಡವೆಂದು ಮೊದಲು ಹೇಳಿದವರು ಸೋತಂತೆ ತಾನೆ? ಸೋಮವಾರ ಬಡಗಿ ಹಲಗೆ ಹೊತ್ತು ಬಂದೇಬಿಟ್ಟ. ಅವನು ಹಲಗೆಯನ್ನು ಪರದೆಗೆ ಒರಗಿಸಿ, "ಅಕ್ಕ ಯಾವ ಕಡೆ ಕೂರ್ತಾರೆ, ತೀರ್ಮಾನ ಆಯ್ತಾ?" ಎಂದ.

ತಮ್ಮ ಹೆಂಡತಿಯ ಕಡೆ ನೋಡಿದ. ಅವಳು ಸಾಣೆ ಹಿಡಿಸಿ ತಂದ ಕತ್ತರಿಯ ಬಾಯಿಯನ್ನು ನೋಡುತ್ತಿದ್ದಳು.

"ಅಕ್ಕ ಕೂತಲ್ಲೇ ಕೂರ್ಲಿ. ಹಲಗೆ ನಿಲ್ಲಿಸ್ಬೇಡ, ಮಲಗಿಸು," ಎಂದ ಅವನು. "ಎರಡೂ ಕಡೆಗೆ ಚಾಚೋ ಹಾಗೆ ಒಂದೇ ಉದ್ದನೆ ಮೇಜು ಮಾಡು, ಕಟಿಂಗಿಗೆ."

"ನನ್ನ ಸೊಂಟದೆತ್ತರಕ್ಕೆ ಬರ್ಲಿ," ಎಂದಳು ಅವಳು ತಟ್ಟನೆ.

"ನಿನ್ನ ಸೊಂಟದೆತ್ತರಕ್ಕೆ ಮಾಡಿದ್ರೆ ನನ್ನ ಬೆನ್ನು ಮುರಿಯುತ್ತೆ. ಆ ಎಕ್ಸ್‌ರೇ ನೋಡಿಲ್ವಾ?"

"ನೋಡಿದೀನಿ, ಊರೆಲ್ಲಾ ನೋಡಿದೆ!"

ಬಡಗಿ ಟೇಪು ಹಿಡಿದು ಇಬ್ಬರ ನಡುವೆ ಪಿಳಿಪಿಳಿ ಕಣ್ಣು ಬಿಟ್ಟ. ಮೇಜಿನ ತುದಿಗೆ ಜಾಗವಾಗಲಿ ಎಂದು ನಾನು ಸ್ಟೂಲನ್ನು ಸ್ವಲ್ಪ ಸರಿಸಲು ಎದ್ದೆ.

"ಅಲ್ಲೇ ಕೂತ್ಕೋ ಅಕ್ಕಾ!" "ಅಲ್ಲೇ ಕೂತ್ಕೊಳ್ಳಿ ಅತ್ತಿಗೆ!" ಎಂದು ಎರಡೂ ಕಡೆಯಿಂದ ಒಟ್ಟಿಗೆ ಗದರಿದರು.

ಕೂತೆ.